ಕಾಟಾ ಹೇಳಿದ್ದು, ಕಂಟ್ರೋಲ್ ರೂಮ್ ಕೇಳಿದ್ದು: ಒಂದು ಸಕ್ಕರೆ ಕಾರ್ಖಾನೆಯ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಡೆದದ್ದು ಇದು. ಹೆಸರು ಬೇಡ, ತಾಲೂಕೂ ಬೇಡ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಯಂತ್ರಗಳ ಕಂಪನಿ ಹೆಸರನ್ನೂ ಬಿಟ್ಟಿದ್ದೇನೆ, ಯಾಕೆಂದರೆ ಇಲ್ಲಿ ಆದ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರದವಲ್ಲ, ನನ್ನವು. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಪ್ಯಾನೆಲ್ ಕಟ್ಟಿಕೊಂಡು, ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಪ್ರೋಗ್ರಾಮ್ ಬರೆದುಕೊಂಡು ಇರುವವನು. ಜೊತೆಗೆ ಒಬ್ಬ ಹುಡುಗ, ಡಿಪ್ಲೊಮಾ ಮುಗಿಸಿ ಬಂದವನು. ಹಂಗಾಮು ಶುರುವಾದ ಮೇಲೆ ನಮ್ಮನ್ನು ಕರೆದಿದ್ದರು. ಸಕ್ಕರೆ ಕಾರ್ಖಾನೆಯವರು ಯಾವಾಗಲೂ ಹಂಗಾಮು ಶುರುವಾದ ಮೇಲೆಯೇ ಕರೆಯುತ್ತಾರೆ.

ಕಾರ್ಖಾನೆಯಲ್ಲಿ ನಾಲ್ಕು ಕಾಟಾ. ಎರಡರಲ್ಲಿ ಕಬ್ಬು ತುಂಬಿದ ಗಾಡಿ ತೂಗುತ್ತಾರೆ, ಇನ್ನೆರಡರಲ್ಲಿ ಕಬ್ಬು ಇಳಿಸಿ ಹೊರಟ ಖಾಲಿ ಗಾಡಿ. ಒಂದರಿಂದ ಇನ್ನೊಂದನ್ನು ಕಳೆದರೆ ರೈತನ ಕಬ್ಬಿನ ತೂಕ. ಲಾರಿ, ಎರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್, ಹತ್ತಿರದ ಹಳ್ಳಿಗಳಿಂದ ಎತ್ತಿನ ಗಾಡಿ, ಎಲ್ಲವೂ ಇದೇ ಸಾಲಿನಲ್ಲಿ ಬರಬೇಕು. ಕಾಟಾ ಖೋಲಿಯಲ್ಲಿ ತೂಕ ತೋರಿಸುವ ಪೆಟ್ಟಿಗೆಗಳು, ಅಂದರೆ ಇಂಡಿಕೇಟರ್‌ಗಳು, ಹಳೆಯವು, ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು ಬಿಟ್ಟರೆ ಹೊರಜಗತ್ತಿನ ಜೊತೆ ಮಾತಾಡಲು ಬೇರೆ ಬಾಯಿಲ್ಲ. ಅತ್ತ ಗಾಣದ ಮನೆಯಲ್ಲಿ ಎರಡು ವರ್ಷದ ಹಿಂದೆ ಹೊಸ ಪಿಎಲ್‌ಸಿ ಹಾಕಿದ್ದರು. ಈಥರ್ನೆಟ್ ಜಾಲ, ಅದರ ಮೇಲೆ ಯಂತ್ರಗಳು ಮಾತಾಡುವ ಮಾಡ್‌ಬಸ್ ಟಿಸಿಪಿ ಭಾಷೆ, ದೊಡ್ಡ ಪರದೆ, ಎಲ್ಲ ಇತ್ತು. ಇವೆರಡರ ನಡುವೆ ಇದ್ದ ಸಂಪರ್ಕ ಒಂದು ಫೋನು. ಗಂಟೆಗೊಮ್ಮೆ ಮಿಲ್ ಶಿಫ್ಟ್ ಇನ್‌ಚಾರ್ಜ್ ಕಾಟಾಕ್ಕೆ ಫೋನ್ ಮಾಡಿ "ಎಷ್ಟ ಬಂತ್ರಿ?" ಅಂತ ಕೇಳುವುದು, ಅವರು ಹೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು.

ಈ ಲೆಕ್ಕ ಯಾಕೆ ಬೇಕು ಅಂದರೆ, ಕಾಟಾ ದಾಟಿ ಒಳಗೆ ಬಂದ ಕಬ್ಬು ಎಷ್ಟಿದೆ ಅಂತ ಗೊತ್ತಿದ್ದರೆ ಗಾಣದ ವೇಗವನ್ನು ಅದಕ್ಕೆ ಹೊಂದಿಸಬಹುದು. ಕಬ್ಬು ಮುಗಿದು ಗಾಣ ನಿಂತರೆ ಅದಕ್ಕೆ "ನೋ ಕೇನ್" ಅನ್ನುತ್ತಾರೆ. ಮತ್ತೆ ಶುರು ಮಾಡುವಾಗ ಬಾಯ್ಲರ್‌ನಿಂದ ಹಿಡಿದು ಎಲ್ಲ ಕಡೆ ತೊಂದರೆ. ಕಬ್ಬು ಯಾರ್ಡಿನಲ್ಲಿ ಬಿದ್ದುಕೊಂಡರೆ ಇನ್ನೊಂದು ತೊಂದರೆ. ಕಡಿದ ಕಬ್ಬಿನೊಳಗಿನ ಸಕ್ಕರೆ ಗಂಟೆ ಗಂಟೆಗೂ ಒಡೆಯುತ್ತ ಹೋಗುತ್ತದೆ, ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ಇಳಿಯುತ್ತದೆ. ಆದ್ದರಿಂದ ಕಾಟಾದ ತೂಕ ನೇರ ಪಿಎಲ್‌ಸಿಗೆ ಬರಬೇಕು ಅನ್ನುವುದು ಚೀಫ್ ಎಂಜಿನಿಯರ್ ಬೇಡಿಕೆ. ಕೇಳಲು ಸಣ್ಣ ಕೆಲಸ. ನಾನು ನಾಲ್ಕು ದಿನ ಅಂದೆ. ಮುಗಿದದ್ದು ಆರು ವಾರಕ್ಕೆ.

ಮುಟ್ಟಬಾರದ ಪೆಟ್ಟಿಗೆ

ಇಂಡಿಕೇಟರ್‌ಗಳನ್ನೇ ಬದಲಿಸಿ ಈಥರ್ನೆಟ್ ಇರುವಂಥವು ಹಾಕಿಬಿಡಿ ಅಂತ ಯಾರಾದರೂ ಹೇಳಬಹುದು. ಅವು ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಿದ ಪೆಟ್ಟಿಗೆಗಳು. ಸೀಲ್ ಒಡೆದರೆ ಮತ್ತೆ ಪರೀಕ್ಷೆ ಆಗಿ ಮುದ್ರೆ ಬೀಳುವವರೆಗೆ ಆ ಕಾಟಾದಲ್ಲಿ ತೂಗುವಂತಿಲ್ಲ. ಹಂಗಾಮಿನ ನಡುವೆ ಕಾಟಾ ಮುಚ್ಚಿದರೆ ರಸ್ತೆಯ ಮೇಲೆ ಎಷ್ಟು ದೂರ ಟ್ರ್ಯಾಕ್ಟರ್ ನಿಲ್ಲುತ್ತವೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೇಲಾಗಿ ಕಬ್ಬಿನ ಊರುಗಳಲ್ಲಿ ಕಾಟಾ ಅಂದರೆ ಬರೀ ಯಂತ್ರವಲ್ಲ. ಕಾರ್ಖಾನೆಗೆ ಬರುವ ಮೊದಲು ಹೊರಗಿನ ಖಾಸಗಿ ಕಾಟಾದಲ್ಲಿ ದುಡ್ಡು ಕೊಟ್ಟು ತೂಗಿಸಿ ಚೀಟಿ ಜೇಬಿನಲ್ಲಿಟ್ಟುಕೊಂಡು ಬರುವ ರೈತರಿದ್ದಾರೆ. ಅಲ್ಲಿ ಹೊಸ ತಂತಿ ಒಂದು ಕಂಡರೂ ಪ್ರಶ್ನೆ ಬರುತ್ತದೆ. ಬರಬೇಕಾದದ್ದೇ.

ಹಾಗಾಗಿ ಮೊದಲ ದಿನವೇ ಮೂರು ಷರತ್ತು ಹಾಕಿಕೊಂಡೆವು: ಇಂಡಿಕೇಟರ್ ಬಿಚ್ಚುವುದಿಲ್ಲ, ಅದರ ಸೆಟ್ಟಿಂಗ್ ಬದಲಿಸುವುದಿಲ್ಲ, ಚೀಟಿ ಮುದ್ರಿಸುವ ಕಂಪ್ಯೂಟರ್ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಹಳೆಯ ಯಂತ್ರ ತನ್ನ ಭಾಷೆಯಲ್ಲೇ ಮಾತಾಡುತ್ತಿರಲಿ, ಹೊಂದಿಕೊಳ್ಳಬೇಕಾದದ್ದು ನಮ್ಮ ಪೆಟ್ಟಿಗೆ. ಪ್ರೋಗ್ರಾಮ್ ಮಾಡಬಲ್ಲ ಗೇಟ್‌ವೇ ಮಾಡ್ಯೂಲ್ ಆರಿಸಿಕೊಂಡದ್ದು ಈ ಕಾರಣಕ್ಕೆ. ಒಂದು ಬದಿಗೆ ನಾಲ್ಕು ಸೀರಿಯಲ್ ಪೋರ್ಟು, ಇನ್ನೊಂದು ಬದಿಗೆ ಈಥರ್ನೆಟ್, ನಡುವೆ ನಾವು ಬರೆದ ಸ್ಕ್ರಿಪ್ಟ್. ಬರೀ ಸೀರಿಯಲ್ಲನ್ನು ಈಥರ್ನೆಟ್‌ಗೆ ದಾಟಿಸುವ ಅಗ್ಗದ ಕನ್ವರ್ಟರ್‌ಗಳು ಸಿಗುತ್ತವೆ, ಆದರೆ ಅವು ಅಕ್ಷರಗಳನ್ನು ಹಾಗೇ ಆಚೆ ತಳ್ಳುತ್ತವೆ. ಅದನ್ನು ಬಿಡಿಸಿ ಓದುವ ಕೆಲಸ ಪಿಎಲ್‌ಸಿಗೆ ಬೀಳುತ್ತದೆ, ಮತ್ತು ಆ ಪಿಎಲ್‌ಸಿ ಪ್ರೋಗ್ರಾಮನ್ನು ಹಂಗಾಮಿನಲ್ಲಿ ಹೆಚ್ಚು ಮುಟ್ಟಲು ಚೀಫ್ ಎಂಜಿನಿಯರ್ ಒಪ್ಪಿರಲಿಲ್ಲ.

ಮಾಡ್ಯೂಲ್ ಎಲ್ಲಿಡಬೇಕು ಅನ್ನುವುದರ ಬಗ್ಗೆ ಒಂದು ಮಾತು. ಕಂಟ್ರೋಲ್ ರೂಮಿನಲ್ಲಿಟ್ಟು ಅಲ್ಲಿಂದ ಕಾಟಾವರೆಗೆ ಆರ್‌ಎಸ್-485 ಅನ್ನುವ ಬಗೆಯ ಸೀರಿಯಲ್ ತಂತಿ ಎಳೆಯೋಣ ಅಂತ ನನ್ನ ಮೊದಲ ಯೋಚನೆ. ದೂರ ನಾನೂರು ಮೀಟರು. ಇಂಡಿಕೇಟರ್ ಪೋರ್ಟಿನ ಆರ್‌ಎಸ್-232 ಹದಿನೈದು ಮೀಟರಿಗೇ ದಣಿಯುತ್ತದೆ, 485 ಆದರೆ 1200 ಮೀಟರ್ ಹೋಗುತ್ತದೆ, ಕಾಗದದ ಮೇಲೆ ಎಲ್ಲ ಸರಿ. ಆದರೆ ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ಮೀಟರ್ ಹಿಡಿದಾಗ ನಾಲ್ಕು ವೋಲ್ಟ್ ಎಸಿ ತೋರಿಸಿತು, ಅದೂ ಗಾಣ ಅರ್ಧ ವೇಗದಲ್ಲಿದ್ದಾಗ. 485 ತಡೆದುಕೊಳ್ಳುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ. ಏಪ್ರಿಲ್‌ನ ಗುಡುಗು ಮಳೆಯಲ್ಲಿ ಒಂದು ಸಿಡಿಲು ಹತ್ತಿರ ಬಿದ್ದರೆ ಈ ಲೆಕ್ಕವೆಲ್ಲ ಮುಗಿಯಿತು. ಮಾಡ್ಯೂಲನ್ನು ಕಾಟಾ ಖೋಲಿಯಲ್ಲೇ ಇಟ್ಟು, ಸೀರಿಯಲ್ ತಂತಿಯನ್ನು ಮೂರು ಮೀಟರಿನೊಳಗೆ ಮುಗಿಸಿ, ಅಲ್ಲಿಂದ ಮುಂದೆ ಕರೆಂಟಿನ ಬದಲು ಬೆಳಕು ಸಾಗಿಸುವ ಫೈಬರ್ ಎಳೆದೆವು. ಇಂಡಿಕೇಟರ್ ಮತ್ತು ಮಾಡ್ಯೂಲ್ ನಡುವೆ, ಎರಡೂ ಕಡೆಯ ಕರೆಂಟನ್ನು ಬೇರೆಯಾಗಿಡುವ ಐಸೊಲೇಟರ್ ಕೂಡ ಹಾಕಿದೆವು. ಇದೊಂದು ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಸೊನ್ನೆಗಳು ಸರಿ ಬಂದವು

ಕಾಟಾ 1ರ ಇಂಡಿಕೇಟರ್ ಕೇಳದೆಯೇ ಮಾತಾಡುವ ಜಾತಿ. ಸೆಕೆಂಡಿಗೆ ಹಲವು ಸಲ ಹತ್ತು ಅಕ್ಷರದ ಒಂದು ಸಾಲು ಕಳಿಸುತ್ತಲೇ ಇರುತ್ತದೆ: ಶುರುವಿನ ಗುರುತು, ಪ್ಲಸ್ ಅಥವಾ ಮೈನಸ್, ಆರು ಅಂಕಿ ತೂಕ, ತೂಕ ನಿಂತಿದೆಯೋ ಅಲುಗಾಡುತ್ತಿದೆಯೋ ಹೇಳುವ ಒಂದು ಅಕ್ಷರ, ಕೊನೆಯ ಗುರುತು. ವೇಗ ಸೆಕೆಂಡಿಗೆ 2400 ಬಿಟ್. ಮ್ಯಾನ್ಯುವಲ್‌ನಲ್ಲಿ ಶುರುವಿನ ಗುರುತು ಹೆಕ್ಸ್ (ಹದಿನಾರರ ಲೆಕ್ಕದ ಅಂಕಿ) 02, ಕೊನೆಯದು 0ಡಿ ಅಂತ ಇತ್ತು. ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ 02 ಇರಬೇಕಾದಲ್ಲಿ 82, 0ಡಿ ಇರಬೇಕಾದಲ್ಲಿ 8ಡಿ. ನಡುವಿನ ಆರು ಸೊನ್ನೆಗಳು ಮಾತ್ರ ಚೊಕ್ಕ. ಕಾಟಾ ಆಗ ಖಾಲಿ ಇತ್ತು.

ನಾನು ಮಾಡಿದ ಮೊದಲ ದಡ್ಡತನ ಇದು. ಕಂಪನಿಯವರು ಯಾವುದೋ ಹೊಸ ಆವೃತ್ತಿಯಲ್ಲಿ ಗುರುತು ಬದಲಿಸಿರಬೇಕು ಅಂದುಕೊಂಡು ಸ್ಕ್ರಿಪ್ಟಿನಲ್ಲಿ 82, 8ಡಿ ಅಂತಲೇ ಬರೆದುಬಿಟ್ಟೆ. ಪಿಎಲ್‌ಸಿ ಪರದೆಯ ಮೇಲೆ ಸೊನ್ನೆ ಬಂತು. ಚಹಾ ಕುಡಿಯಲು ಹೋದೆವು. ಬಂದು ನೋಡಿದರೆ ಟ್ರ್ಯಾಕ್ಟರ್ ಹತ್ತಿದೆ, ಇಂಡಿಕೇಟರ್ 18,460 ಅನ್ನುತ್ತಿದೆ, ನಮ್ಮ ಪರದೆ ಖಾಲಿ. ಮುಂದಿನ ಗಾಡಿ ಸರಿ ಬಂತು. ಅದರ ಮುಂದಿನ ಮೂರು ಬರಲಿಲ್ಲ.

ಹುಡುಗ ಒಂದು ನೋಟ್‌ಬುಕ್ ತೆಗೆದು ಪ್ರತಿ ಗಾಡಿಯ ನಿಜ ತೂಕದ ಕೆಳಗೆ ಬಂದ ಹೆಕ್ಸ್ ಬರೆಯುತ್ತ ಕೂತ. ಅರ್ಧ ಗಂಟೆ ಬಿಟ್ಟು "ಸರ, 0, 3, 5, 6, 9 ಯಾವಾಗ್ಲೂ ಸರಿ ಬರ್ತಾವ್ರಿ. 1, 2, 4, 7, 8 ಯಾವಾಗ್ಲೂ ಕೆಡ್ತಾವ್ರಿ" ಅಂದ. ಸರಿ ಬಂದ ಆ ಒಂದು ಗಾಡಿಯ ತೂಕ 30,590. ಅದರಲ್ಲಿ ಕೆಡುವ ಅಂಕಿ ಒಂದೂ ಇರಲಿಲ್ಲ!

ಅಲ್ಲಿಗೆ ಗೊತ್ತಾಯಿತು. ಇಂಡಿಕೇಟರ್ ಕಳಿಸುತ್ತಿದ್ದದ್ದು ಏಳು ಬಿಟ್, ಮೇಲೊಂದು ಸಮ ಪ್ಯಾರಿಟಿ ಬಿಟ್, ಅಂದರೆ ಅಕ್ಷರದಲ್ಲಿನ ಒಂದುಗಳ ಸಂಖ್ಯೆ ಸಮವಾಗುವಂತೆ ಸೇರಿಸುವ ತಪಾಸಣೆಯ ಬಿಟ್. ನಾವು ಓದುತ್ತಿದ್ದದ್ದು ಎಂಟು ಬಿಟ್, ಪ್ಯಾರಿಟಿ ಇಲ್ಲ ಅಂತ. ಶುರುವಿನ ಬಿಟ್, ಕೊನೆಯ ಬಿಟ್ ಸೇರಿ ಎರಡರಲ್ಲೂ ಒಟ್ಟು ಬಿಟ್ ಹತ್ತೇ, ಹಾಗಾಗಿ ಮಾಡ್ಯೂಲ್ ಯಾವ ದೋಷವನ್ನೂ ತೋರಿಸಲಿಲ್ಲ, ಪ್ಯಾರಿಟಿಯನ್ನೇ ಅಕ್ಷರದ ಎಂಟನೇ ಬಿಟ್ ಅಂತ ಓದಿತು. 3 ಅಂದರೆ ಹೆಕ್ಸ್ 33, ಅದನ್ನು ಬಿಟ್‌ಗಳಲ್ಲಿ ಬರೆದರೆ ನಾಲ್ಕು ಒಂದುಗಳು, ಸಮ ಸಂಖ್ಯೆ, ಪ್ಯಾರಿಟಿ ಸೊನ್ನೆ, ಅಕ್ಷರ ಹಾಗೇ ಉಳಿಯಿತು. 1 ಅಂದರೆ 31, ಮೂರು ಒಂದುಗಳು, ಪ್ಯಾರಿಟಿ ಒಂದಾಗಿ ಬಿ1 ಆಯಿತು. 02 ಅನ್ನುವುದರಲ್ಲಿ ಒಂದೇ ಒಂದು, ಆದ್ದರಿಂದ 82. ಪೋರ್ಟಿನ ಸೆಟ್ಟಿಂಗ್ ಬದಲಿಸಿದ್ದು ಹತ್ತು ಸೆಕೆಂಡಿನ ಕೆಲಸ. ಖಾಲಿ ಕಾಟಾದ ಮೇಲೆ ಪರೀಕ್ಷೆ ಮಾಡಿ ಚಹಾಕ್ಕೆ ಹೋಗಿದ್ದಕ್ಕೆ ನಾಲ್ಕು ಗಂಟೆ ಹೋಯಿತು. ಅಂದಿನಿಂದ ಕಾಟಾ ಪರೀಕ್ಷೆಗೆ ನಮ್ಮಲ್ಲಿ ಹೊಸ ನಿಯಮ ಬಂತು: ಹತ್ತೂ ಅಂಕಿಗಳು ಒಮ್ಮೆಯಾದರೂ ಕಣ್ಣೆದುರು ಹಾದು ಹೋಗುವವರೆಗೆ "ಆಯ್ತು" ಅನ್ನಬಾರದು.

ಅಂಕಿ ವಿಷಯದಲ್ಲೇ ಇನ್ನೊಂದು ಎಡವಟ್ಟು, ಬೇಗ ಹೇಳಿ ಮುಗಿಸುತ್ತೇನೆ. ಮಾಡ್‌ಬಸ್‌ನ ಒಂದು ರಿಜಿಸ್ಟರ್, ಅಂದರೆ ಅಂಕಿ ಇಡುವ ಒಂದು ಖಾನೆ, 16 ಬಿಟ್. ಪಿಎಲ್‌ಸಿ ಅದನ್ನು ಚಿಹ್ನೆ ಸಮೇತ ಓದಿದರೆ 32,767 ದಾಟುವಂತಿಲ್ಲ. 33,120 ಕೆಜಿಯ ಲಾರಿ ಬಂದಾಗ ಪರದೆ ಮೈನಸ್ 32,416 ತೋರಿಸಿತು. ಎರಡು ರಿಜಿಸ್ಟರ್‌ಗೆ ಹಂಚಿದೆ. ಮೇಲಿನ ಅರ್ಧ ಕೆಳಗಿನ ಅರ್ಧ ಅದಲುಬದಲಾಗಿ ಅದೇ ಲಾರಿ 217 ಕೋಟಿ ಕೆಜಿ ಆಯಿತು. ಕಂಟ್ರೋಲ್ ರೂಮಿನವರು ಮೂರು ದಿನ ಆ ಮಾತು ಆಡಿಕೊಂಡು ನಕ್ಕರು. ನಗು ಬರುವಷ್ಟು ದೊಡ್ಡ ತಪ್ಪುಗಳು ಒಳ್ಳೆಯವು, ಯಾರಾದರೂ ನೋಡಿಯೇ ನೋಡುತ್ತಾರೆ.

ಟ್ರ್ಯಾಕ್ಟರ್ ನಿಂತಿದೆ, ತೂಕ ಸೊನ್ನೆ

ಕಾಟಾ 2 ಬೇರೆ ಕಂಪನಿಯದು. ವೇಗ 9600, ಎಂಟು ಬಿಟ್. ಅದೂ ತಾನಾಗಿ ತೂಕ ಕಳಿಸುತ್ತದೆ. ಆ ಇಂಡಿಕೇಟರಿನ ಎರಡನೇ ಪೋರ್ಟು ಖಾಲಿ ಇತ್ತು. ಸೀರಿಯಲ್ ತಂತಿ ಅಂದರೆ ಮೂರು ಎಳೆ ಅನ್ನುವುದು ಕೈಗೆ ಹತ್ತಿದ ರೂಢಿ: ಕಳಿಸುವುದು, ಪಡೆಯುವುದು, ಗ್ರೌಂಡ್. ಮೂರೂ ಜೋಡಿಸಿದೆ. ಮಾಡ್ಯೂಲಿನ ಒಂದನೇ ಪೋರ್ಟಿಗೆ ಹಾಕಿದೆ, ತಂತಿ ಅಲ್ಲಿಗೆ ಸಲೀಸಾಗಿ ಮುಟ್ಟಿತು ಅನ್ನುವ ಒಂದೇ ಕಾರಣಕ್ಕೆ.

ಮಧ್ಯಾಹ್ನ ಮೂರರ ಹೊತ್ತು. ಸ್ಕ್ರಿಪ್ಟಿನಲ್ಲಿ ಒಂದು ಸಾಲು ತಿದ್ದಿ ಮಾಡ್ಯೂಲನ್ನು ರೀಸ್ಟಾರ್ಟ್ ಮಾಡಿದೆ. ಕಾಟಾದ ಮೇಲೆ ಎರಡು ಟ್ರಾಲಿಯ ಟ್ರ್ಯಾಕ್ಟರ್ ನಿಂತಿತ್ತು. ಹೊರಗಿನ ದೊಡ್ಡ ಕೆಂಪಕ್ಷರದ ಡಿಸ್ಪ್ಲೇ 27 ಸಾವಿರ ಚಿಲ್ಲರೆ ತೋರಿಸುತ್ತಿದ್ದದ್ದು ತಟ್ಟನೆ ಸೊನ್ನೆ ಆಯಿತು. ಕಾಟಾ ಕ್ಲಾರ್ಕ್ ಚೀಟಿ ಒತ್ತಲು ಎತ್ತಿದ ಕೈ ಹಾಗೇ ನಿಲ್ಲಿಸಿ ನನ್ನ ಕಡೆ ನೋಡಿದ. "ಸರ, ನೀವೇನರ ಮುಟ್ಟಿದ್ರೇನು?"

ಕಿಟಕಿಯ ಹೊರಗೆ ಟ್ರ್ಯಾಕ್ಟರ್ ಪಕ್ಕ ನಿಂತಿದ್ದ ಯಜಮಾನರಿಗೆ ಅರವತ್ತು ದಾಟಿರಬೇಕು. ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಸಿಟ್ಟಿಲ್ಲದೆ, ಮೆಲ್ಲಗೆ ಕೇಳಿದರು. "ತಮ್ಮಾ, ನನ್ನ ಕಬ್ಬೆಲ್ಲಾ ಗಾಳಿಗಿ ಹಾರಿ ಹೋತೇನ?"

"ಇಲ್ಲ ಕಾಕಾ, ಯಂತ್ರದ್ದ ತಪ್ಪೈತಿ, ಮತ್ತ ತೂಗ್ತಾರ, ಒಂದ ನಿಮಿಷ ತಡೀರಿ" ಅಂದೆ. ಯಂತ್ರದ ತಪ್ಪಲ್ಲ ಅಂತ ನನಗೆ ಆಗಲೇ ಅರ್ಧ ಗೊತ್ತಾಗಿತ್ತು. ಇಂಡಿಕೇಟರ್ ಮುಖದ ಮೇಲೆ "ನೆಟ್" ಅಂತ ಬರೆದ ದೀಪ ಹೊತ್ತಿತ್ತು. ಅಂದರೆ ಅದು ಕೆಟ್ಟಿಲ್ಲ, ಯಾರೋ ಟೇರ್ ಒತ್ತಿದ್ದಾರೆ, ಮೇಲಿದ್ದ ಭಾರವನ್ನೆಲ್ಲ ಖಾಲಿ ಗಾಡಿಯ ತೂಕ ಅಂತ ತಿಳಿದು ಕಳೆದುಬಿಟ್ಟಿದೆ. ಕ್ಲಾರ್ಕ್ ಟೇರ್ ತೆಗೆದ, ತೂಕ ಮರಳಿ ಬಂತು, ಗಾಡಿ ಇಳಿಸಿ ಹತ್ತಿಸಿ ಇನ್ನೊಮ್ಮೆ ತೂಗಿದರು. ಯಜಮಾನರು ತಮ್ಮ ಜೇಬಿನ ಖಾಸಗಿ ಕಾಟಾದ ಚೀಟಿ ತೆಗೆದು ಎರಡನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿದರು. ಸರಿ ಇತ್ತು. ಹೋದರು.

ಒತ್ತಿದವರು ಯಾರು? ರಾತ್ರಿ ಮ್ಯಾನ್ಯುವಲಿನ ಕೊನೆಯ ಪುಟಗಳನ್ನು ತೆಗೆದಾಗ ಸಿಕ್ಕಿತು. ಆ ಇಂಡಿಕೇಟರ್ ಸೀರಿಯಲ್ ಪೋರ್ಟಿನಿಂದ ಒಂದೊಂದೇ ಅಕ್ಷರದ ಆಜ್ಞೆ ಸ್ವೀಕರಿಸುತ್ತದೆ. ಪಿ ಅಂದರೆ ಪ್ರಿಂಟ್, ಝಡ್ ಅಂದರೆ ಸೊನ್ನೆ ಮಾಡು, ಟಿ ಅಂದರೆ ಟೇರ್. ನಮ್ಮ ಮಾಡ್ಯೂಲ್ ಎಚ್ಚರವಾಗುವಾಗ ಒಂದನೇ ಪೋರ್ಟಿನಿಂದ, 9600 ವೇಗದಲ್ಲಿ, ತನ್ನ ಹೆಸರು, ಆವೃತ್ತಿ, ಮೆಮೊರಿ ಪರೀಕ್ಷೆಯ ಫಲ ಎಲ್ಲವನ್ನೂ ನಾಲ್ಕು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತದೆ. ಆ ನಾಲ್ಕು ಸಾಲಿನಲ್ಲಿ ದೊಡ್ಡ ಟಿ ಅಕ್ಷರ ಇರದೆ ಹೇಗೆ ಇರುತ್ತದೆ? ಝಡ್ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಭಾರಿ ಗಾಡಿ ನಿಂತಾಗ ಸೊನ್ನೆ ಮಾಡಲು ಇಂಡಿಕೇಟರ್ ಒಪ್ಪುವುದಿಲ್ಲ, ಸಾಮರ್ಥ್ಯದ ಸಣ್ಣ ಪಾಲಿನಷ್ಟು ವ್ಯತ್ಯಾಸವನ್ನು ಮಾತ್ರ ಸರಿಪಡಿಸುತ್ತದೆ. ಟೇರ್‌ಗೆ ಆ ಮಿತಿ ಇಲ್ಲ.

ಆ ರಾತ್ರಿ ನಮ್ಮ ಮುಂದೆ ಎರಡು ದಾರಿ ಇದ್ದವು. ಬೂಟ್ ಸಂದೇಶವನ್ನು ಬಂದ್ ಮಾಡುವ ಸೆಟ್ಟಿಂಗ್ ಇತ್ತು, ಅದನ್ನು ಹಾಕಬಹುದಿತ್ತು. ಹುಡುಗ ಅದನ್ನೇ ಹೇಳಿದ. ನಾನು ಸ್ಕ್ರೂಡ್ರೈವರ್ ತೆಗೆದು, ತಾನಾಗಿ ಮಾತಾಡುವ ಮೂರೂ ಕಾಟಾಗಳ ಕನೆಕ್ಟರ್ ಬಿಚ್ಚಿ, ಮಾಡ್ಯೂಲ್ ಕಡೆಯ ಮೂರನೇ ಪಿನ್ನಿನ ತಂತಿಯನ್ನೇ ಕತ್ತರಿಸಿ ತೆಗೆದೆ. ಸೆಟ್ಟಿಂಗ್ ಆದರೆ ನಾಳೆ ಯಾರೋ ಮಾಡ್ಯೂಲ್ ಬದಲಿಸುತ್ತಾರೆ, ಹೊಸದರಲ್ಲಿ ಹಾಕಲು ಮರೆಯುತ್ತಾರೆ. ಇಲ್ಲದ ತಂತಿಯ ಮೇಲೆ ಯಾರೂ ಏನೂ ಕಳಿಸಲಾರರು. ಇಂಡಿಕೇಟರ್ ತಾನಾಗಿ ಮಾತಾಡುವ ಜಾತಿ ಅಂದಮೇಲೆ ನಾವು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಬೇಕಿಲ್ಲದ ತಂತಿಯನ್ನು ರೂಢಿಯಿಂದ ಹಾಕಿದ್ದೇ ಮೂಲ ತಪ್ಪು.

ಇದರಿಂದ ನಾನು ಲೆಕ್ಕ ಹಾಕಿರದ ಇನ್ನೊಂದು ಲಾಭವಾಯಿತು. ಎರಡು ದಿನದ ಮೇಲೆ ಏಳೆಂಟು ರೈತರು ಕಾಟಾ ಖೋಲಿಗೆ ಬಂದು "ಹೊಸ ಡಬ್ಬಿ ಏನ್ ಹಾಕೀರಿ, ತೋರಸ್ರಿ" ಅಂದರು. ಸೊನ್ನೆಯಾದ ಸುದ್ದಿ ಊರು ಸೇರಿತ್ತು. ಕಾಟಾ ಇನ್‌ಚಾರ್ಜ್ ಕನೆಕ್ಟರ್ ಬಿಚ್ಚಿ ಮೇಜಿನ ಮೇಲಿಟ್ಟು, ಈ ಎಳೆಯಲ್ಲಿ ತೂಕ ಹೊರಗೆ ಬರುತ್ತದೆ, ಈ ಎಳೆ ಗ್ರೌಂಡ್, ಒಳಗೆ ಹೋಗುವ ಎಳೆ ಇಲ್ಲ ಅಂತ ಬೆರಳಿಟ್ಟು ತೋರಿಸಿದರು. ಬಂದವರಲ್ಲಿ ಒಬ್ಬ ಐಟಿಐ ಓದಿದ ಹುಡುಗನಿದ್ದ. ಬಗ್ಗಿ ನೋಡಿ, "ಹೌದು, ಎರಡ ವಾಯರ್ ಅದಾವ" ಅಂದ. ಸೆಟ್ಟಿಂಗ್ ಬಂದ್ ಮಾಡಿದ್ದೇವೆ ಅಂತ ಹೇಳಿದ್ದರೆ ಅವರಿಗೆ ಏನನ್ನು ತೋರಿಸುತ್ತಿದ್ದೆವು?

ನಲವತ್ತು ನಿಮಿಷ ಕದಲದ ತೂಕ

ಮೂರನೇ ವಾರ ಎಲ್ಲ ಸರಿಯಾಗಿದೆ ಅಂದುಕೊಂಡು ಬೆಳಗಾವಿಗೆ ವಾಪಸಾಗಿದ್ದೆ. ರಾತ್ರಿ ಎರಡೂವರೆಗೆ ಫೋನು. ಗಾಣದ ವೇಗ ಇಳಿಸಿದ್ದಾರೆ, ಕಬ್ಬು ಬರುತ್ತಿಲ್ಲ ಅಂತ ಪರದೆ ಹೇಳುತ್ತಿದೆ, ಆದರೆ ಹೊರಗೆ ಹೋಗಿ ನೋಡಿದವರು ಗೇಟಿನ ತನಕ ಟ್ರ್ಯಾಕ್ಟರ್ ಸಾಲು ಇದೆ ಅನ್ನುತ್ತಿದ್ದಾರೆ.

ಪರದೆಯ ಮೇಲೆ ಕಾಟಾ 1ರಲ್ಲಿ 26,840 ಕೆಜಿಯ ಗಾಡಿ ನಿಂತಿತ್ತು. ನಲವತ್ತು ನಿಮಿಷದಿಂದ ಅದೇ ಗಾಡಿ ನಿಂತಿತ್ತು. ನಿಜವಾದ ಕಾಟಾದ ಮೇಲೆ ಅಷ್ಟರಲ್ಲಿ ಹತ್ತಾರು ಗಾಡಿ ಹತ್ತಿ ಇಳಿದಿದ್ದವು. ಕಾರಣ ಬೆಳಗ್ಗೆ ಸಿಕ್ಕಿತು: ರಾತ್ರಿ ಪಾಳಿಯವರು ಮೊಬೈಲ್ ಚಾರ್ಜಿಗೆ ಹಾಕಲು ಒಂದು ಅಡಾಪ್ಟರ್ ಕಿತ್ತಿದ್ದರು. ಅದು ಐಸೊಲೇಟರ್‌ನ ಅಡಾಪ್ಟರ್. ಅವರನ್ನು ಬೈಯುವುದು ಸುಲಭ. ಪ್ಯಾನೆಲ್ ಒಳಗಿನ 24 ವೋಲ್ಟಿನಿಂದ ಐಸೊಲೇಟರ್‌ಗೆ ಕರೆಂಟ್ ಕೊಡದೆ ಗೋಡೆಯ ಸಾಕೆಟ್ಟಿಗೆ ಹಾಕಿದ್ದವನು ನಾನು.

ಆದರೆ ಅಡಾಪ್ಟರ್ ಇಲ್ಲಿ ನೆಪ ಮಾತ್ರ. ತಂತಿ ಸತ್ತಿತ್ತು, ಮಾಡ್ಯೂಲ್ ಬದುಕಿತ್ತು, ಫೈಬರ್ ಬದುಕಿತ್ತು, ಪಿಎಲ್‌ಸಿ ಕೇಳಿದಾಗೆಲ್ಲ ಮಾಡ್ಯೂಲ್ ತನ್ನ ರಿಜಿಸ್ಟರಿನಲ್ಲಿದ್ದ ಕೊನೆಯ ತೂಕವನ್ನು ಪ್ರಾಮಾಣಿಕವಾಗಿ ಕೊಡುತ್ತಿತ್ತು. ಎಲ್ಲ ದೀಪಗಳೂ ಹಸಿರು. ಹಳೆಯ ಫೋನಿನ ಪದ್ಧತಿಯಲ್ಲಿ ಆಚೆಯವನು ಎತ್ತದಿದ್ದರೆ ಈಚೆಯವನಿಗೆ ಗೊತ್ತಾಗುತ್ತಿತ್ತು. ನಾವು ಹಾಕಿದ ಹೊಸ ವ್ಯವಸ್ಥೆಯಲ್ಲಿ ಆಚೆಯವನು ಸತ್ತರೂ ದನಿ ಕೇಳುತ್ತಲೇ ಇತ್ತು.

ನನ್ನ ಮೊದಲ ಪರಿಹಾರವೂ ತಪ್ಪೇ. ಎರಡು ಸೆಕೆಂಡು ಹೊಸ ಸಾಲು ಬರದಿದ್ದರೆ ತೂಕವನ್ನು ಸೊನ್ನೆ ಮಾಡು ಅಂತ ಸ್ಕ್ರಿಪ್ಟಿನಲ್ಲಿ ಬರೆದೆ. ಆ ದಿನ ಸಂಜೆಯೇ ಲೆಕ್ಕದಲ್ಲಿ ಇಲ್ಲದ ಎರಡು ಗಾಡಿ ಸೇರಿಕೊಂಡವು. ಪಿಎಲ್‌ಸಿ ಗಾಡಿ ಎಣಿಸುವುದು ಹೀಗೆ: ತೂಕ ಒಂದು ಟನ್ನಿನ ಮೇಲೆ ಹೋಗಿ ನಿಂತು, ಆಮೇಲೆ ಇನ್ನೂರು ಕೆಜಿಯ ಕೆಳಗೆ ಬಂದರೆ ಒಂದು ಗಾಡಿ ಮುಗಿಯಿತು. ಗಾಡಿ ನಿಂತಿರುವಾಗ ಕನೆಕ್ಟರ್ ಸಡಿಲಾಗಿ ಮೂರು ಸೆಕೆಂಡು ಸಂಪರ್ಕ ತಪ್ಪಿತು ಅನ್ನಿ, ತೂಕ ಸೊನ್ನೆಗೆ ಬಿತ್ತು, ಒಂದು ಗಾಡಿ ಎಣಿಸಿತು. ಸಂಪರ್ಕ ಮರಳಿತು, ಅದೇ ಗಾಡಿ ಇನ್ನೊಮ್ಮೆ. ಹಳೆಯ ತೂಕ ತೋರಿಸುವುದು ಎಷ್ಟು ಸುಳ್ಳೋ ಸೊನ್ನೆ ತೋರಿಸುವುದೂ ಅಷ್ಟೇ ಸುಳ್ಳು. ಸೊನ್ನೆ ಕೆಜಿ ಅನ್ನುವುದು ಕಾಟಾ ಹೇಳುವ ಒಂದು ಮಾತು. ಕಾಟಾ ಮಾತಾಡುತ್ತಿಲ್ಲ ಅನ್ನುವುದು ಬೇರೆಯೇ ಸಂಗತಿ, ಅದಕ್ಕೆ ತೂಕದ ರಿಜಿಸ್ಟರಿನಲ್ಲಿ ಜಾಗವಿಲ್ಲ.

ಕೊನೆಗೆ ಪ್ರತಿ ಕಾಟಾಕ್ಕೆ ಐದು ರಿಜಿಸ್ಟರ್ ಕೊಟ್ಟೆವು. ತೂಕಕ್ಕೆ ಎರಡು. ನಿಂತ ತೂಕವೋ ಅಲುಗಾಡುವುದೋ ಅನ್ನಲು ಒಂದು. ಕೆಟ್ಟ ಸಾಲುಗಳು ಎಷ್ಟು ಬಂದವು ಅನ್ನಲು ಒಂದು. ಐದನೆಯದು ಎಣಿಕೆ: ಸರಿಯಾದ ಸಾಲು ಒಂದು ಬಂದಾಗೆಲ್ಲ ಒಂದು ಹೆಚ್ಚಾಗುತ್ತದೆ, 65,535 ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ. ಮೊದಲು "ಕೊನೆಯ ಸಾಲು ಬಂದು ಎಷ್ಟು ಹೊತ್ತಾಯಿತು" ಅನ್ನುವುದನ್ನು ಮಾಡ್ಯೂಲೇ ಲೆಕ್ಕ ಹಾಕಲಿ ಅಂದುಕೊಂಡಿದ್ದೆ. ಹುಡುಗ ಕೇಳಿದ, "ಮಾಡ್ಯೂಲೇ ಹ್ಯಾಂಗ್ ಆದ್ರ ಆ ಲೆಕ್ಕಾನೂ ಹ್ಯಾಂಗ್ ಆಗೂದಿಲ್ಲೇನ್ರಿ?" ಸರಿಯಾದ ಮಾತು. ಗಡಿಯಾರ ಆಚೆ ಬದಿಯಲ್ಲಿರಬೇಕು. ಹಾಗಾಗಿ ಎಣಿಕೆ ಎರಡು ಸೆಕೆಂಡು ಬದಲಾಗದಿದ್ದರೆ ಆ ಕಾಟಾವನ್ನು ನಂಬಬೇಡ ಅನ್ನುವ ತೀರ್ಮಾನವನ್ನು ಪಿಎಲ್‌ಸಿಗೆ ಒಪ್ಪಿಸಿದೆವು. ಅಡಾಪ್ಟರ್ ಕಿತ್ತರೂ, ಮಾಡ್ಯೂಲ್ ನಿಂತರೂ, ಫೈಬರ್ ಹರಿದರೂ ಎಣಿಕೆ ನಿಲ್ಲುತ್ತದೆ, ಒಂದೇ ಪರೀಕ್ಷೆ ಮೂರಕ್ಕೂ ಸಾಕು. ಹಂಗಾಮಿನ ನಡುವೆ ಪಿಎಲ್‌ಸಿ ಪ್ರೋಗ್ರಾಮ್ ಮುಟ್ಟಬಾರದು ಅಂದಿದ್ದ ಚೀಫ್ ಎಂಜಿನಿಯರ್, ಆ ರಾತ್ರಿಯ ನಂತರ, ತಾವೇ ಒಪ್ಪಿಗೆ ಕೊಟ್ಟರು.

ನಂಬಿಕೆ ತಪ್ಪಿದಾಗ ಪರದೆಯ ಮೇಲೆ ಏನು ತೋರಿಸಬೇಕು ಅನ್ನುವುದಕ್ಕೂ ಜಗಳವಾಯಿತು. ನಾನು ಕೊನೆಯ ತೂಕವನ್ನು ಬೂದು ಬಣ್ಣದಲ್ಲಿ ತೋರಿಸೋಣ ಅಂದೆ. ರಾತ್ರಿ ಪಾಳಿಯ ಇನ್‌ಚಾರ್ಜ್ ಖಡಾಖಂಡಿತ ಬೇಡ ಅಂದರು. "ನಸುಕಿನ್ಯಾಗ ನಾಲ್ಕಕ್ಕ ಬೂದು ಯಾವ್ದು ಬಿಳಿ ಯಾವ್ದು ಕಾಣ್ತದೇನ್ರಿ? ಅಂಕಿ ಕಂಡ್ರ ಓದಿಬಿಡ್ತೀವಿ." ಅಂಕಿ ತೆಗೆದು ನಾಲ್ಕು ಗೆರೆ ಹಾಕಿದೆವು, ಕೆಳಗೆ "ಕಾಟಾಕ್ಕೆ ಫೋನ್ ಮಾಡಿ" ಅಂತ ಕನ್ನಡದಲ್ಲಿ. ಹಳೆಯ ಫೋನನ್ನು ತೆಗೆಯದೆ ಮೇಜಿನ ಮೇಲೆಯೇ ಬಿಟ್ಟೆವು.

ಆಮೇಲೆ

ಹಂಗಾಮಿನ ಉಳಿದ ತಿಂಗಳುಗಳಲ್ಲಿ ಗೆರೆಗಳು ಹಲವು ಸಲ ಬಂದವು. ಹೆಚ್ಚಿನವು ಕರೆಂಟ್ ಹೋಗಿ ಬಂದಾಗಿನ ಒಂದೆರಡು ನಿಮಿಷ. ಒಂದು ಸಲ ಮಾತ್ರ ಅರ್ಧ ದಿನ, ಕಾಟಾ ಖೋಲಿ ತೊಳೆಯುವಾಗ ಕನೆಕ್ಟರ್‌ಗೆ ನೀರು ಹೋಗಿ. ಆ ಅರ್ಧ ದಿನ ಫೋನಿನ ಮೇಲೆ ನಡೆಯಿತು. ಗಾಣ ನಿಲ್ಲಲಿಲ್ಲ. ಕೆಟ್ಟ ಸಾಲುಗಳ ಎಣಿಕೆ ಸುಮ್ಮನೆ ಹಾಕಿದ್ದೆ, ಅದೇ ಹೆಚ್ಚು ಉಪಯೋಗಕ್ಕೆ ಬಂತು. ಕಾಟಾ 3ರಲ್ಲಿ ಅದು ದಿನಕ್ಕೆ ಒಂದೆರಡು ಇದ್ದದ್ದು ಒಂದು ವಾರದಲ್ಲಿ ನೂರು ದಾಟಿತು. ಹೋಗಿ ನೋಡಿದರೆ ಪಿನ್ನಿನ ಬೆಸುಗೆ ಬಿಡುತ್ತಿತ್ತು. ಪೂರ್ತಿ ಕೈಕೊಡುವ ಮುಂಚೆಯೇ ಸಿಕ್ಕಿತು.

ನಾಲ್ಕನೇ ಕಾಟಾ ಬಗ್ಗೆ ಇಷ್ಟು ಹೊತ್ತು ಹೇಳಿಲ್ಲ, ಯಾಕೆಂದರೆ ಹೆಮ್ಮೆಪಡುವಂಥದ್ದು ಏನಿಲ್ಲ. ಖಾಲಿ ಗಾಡಿ ತೂಗುವ, ಎಲ್ಲಕ್ಕಿಂತ ಹಳೆಯ ಪೆಟ್ಟಿಗೆ. ಒಂದೇ ಪೋರ್ಟು, ಅದಕ್ಕೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಪ್ರಿಂಟ್ ಗುಂಡಿ ಒತ್ತಿದಾಗ ಮಾತ್ರ ಚೀಟಿಯ ಬರಹವನ್ನು ಕಳಿಸುತ್ತದೆ. ಆ ಸಾಲಿಗೆ ಪಕ್ಕದಲ್ಲಿ ಕಿವಿಗೊಟ್ಟು, ಬರಹದಲ್ಲಿ ತೂಕ ಇರುವ ಸಾಲನ್ನು ಹುಡುಕಿ ತೆಗೆಯುವ ಸ್ಕ್ರಿಪ್ಟ್ ಬರೆದೆವು. ಆರ್‌ಎಸ್-232 ಒಬ್ಬ ಹೇಳಿ ಒಬ್ಬ ಕೇಳಲು ಮಾಡಿದ್ದು. ಕೇಳುವ ಪ್ರತಿ ತುದಿಯೂ 3ರಿಂದ 7 ಕಿಲೋ ಓಮ್ ಹೊರೆ ಹಾಕುತ್ತದೆ, ಇಬ್ಬರು ಕೇಳಿದರೆ ಹೇಳುವವನಿಗೆ ಭಾರ. ಒಳಹರಿವು ಕಡಿಮೆ ಎಳೆಯುವ ಐಸೊಲೇಟರ್ ಹಾಕಿ ಅದನ್ನೂ ದಾಟಿದೆವು.

ಆದರೆ ಅದಕ್ಕೆ ಎಣಿಕೆಯ ಉಪಾಯ ನಡೆಯುವುದಿಲ್ಲ. ಹತ್ತು ನಿಮಿಷ ಸಾಲು ಬರಲಿಲ್ಲ ಅಂದರೆ ತಂತಿ ಹರಿದಿದೆಯೋ, ಖಾಲಿ ಗಾಡಿಯೇ ಬಂದಿಲ್ಲವೋ ತಿಳಿಯದು. ಪ್ರಿಂಟರ್‌ನ ಕಾಗದ ಮುಗಿದರೆ ಇಂಡಿಕೇಟರ್ ಕಳಿಸುವುದನ್ನೇ ನಿಲ್ಲಿಸುತ್ತದೆ, ಆಗ ನಮ್ಮ ಲೆಕ್ಕವೂ ನಿಲ್ಲುತ್ತದೆ. ಸದ್ಯಕ್ಕೆ ಕಾಟಾ 4ರ ಪಕ್ಕದಲ್ಲಿ ಪರದೆಯ ಮೇಲೆ ಕೊನೆಯ ಚೀಟಿ ಬಂದ ಹೊತ್ತನ್ನು ತೋರಿಸುತ್ತಿದ್ದೇವೆ, ಅಷ್ಟೇ. ಮುಂದಿನ ಮುದ್ರೆ ಪರೀಕ್ಷೆಯ ಹೊತ್ತಿಗೆ ಆ ಇಂಡಿಕೇಟರ್ ಬದಲಿಸುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ಎರಡು ಬಂಡಲ್ ಪ್ರಿಂಟರ್ ಕಾಗದ ತಂದು ಪ್ಯಾನೆಲ್ ಮೇಲಿಟ್ಟು ಬಂದಿದ್ದೇನೆ.